ನೆಪಕ್ಕೊಂದು ಮೆದುಳು

ಅಂಕ ಕಡಿಮೆ ಬಂದರೆ ‘ತಕ್ದೀರಿನಲ್ಲಿ ಇಷ್ಟೇ ಬರೆದಿತ್ತು’ ಎನ್ನುವುದು ನಮ್ಮಲ್ಲಿ ಹಳೆಯ ಮಾತು. ಈಗ ಅದರ ಜೊತೆ ಹೊಸದೊಂದು ಸೇರಿದೆ: ‘ಏನು ಮಾಡಲಿ, ನನ್ನ ಮೆದುಳೇ ಹಾಗೆ!’ ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡಿದರೆ ತಪ್ಪು ಡೋಪಮೈನ್‌ದು, ನಮ್ಮದಲ್ಲ. ಮೊದಲನೆಯದು ಧರ್ಮದ ಹೆಸರಿನ ನೆಪ, ಎರಡನೆಯದು ವಿಜ್ಞಾನದ ಹೆಸರಿನ ನೆಪ. ಎರಡಕ್ಕೂ ಆಧಾರವಿಲ್ಲ ಎಂಬುದು ನನ್ನ ಅಭಿಪ್ರಾಯ.

ಮನುಷ್ಯನಿಗೆ ಸ್ವತಂತ್ರ ಇಚ್ಛೆಯಿಲ್ಲ ಎನ್ನುವವರು ಹೆಚ್ಚಾಗಿ ಬೊಟ್ಟು ಮಾಡುವುದು ಅಮೆರಿಕದ ವಿಜ್ಞಾನಿ ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಪ್ರಯೋಗದ ಕಡೆಗೆ. ಅದರಲ್ಲಿ ಭಾಗವಹಿಸಿದವರು ತಮಗೆ ಬೇಕೆನಿಸಿದಾಗ ಕೈ ಅಲ್ಲಾಡಿಸಬೇಕಿತ್ತು. ಹಾಗೆ ಅನಿಸಿದ ಕ್ಷಣವನ್ನು ಗಡಿಯಾರ ನೋಡಿ ಹೇಳಬೇಕಿತ್ತು. ಕೈ ಚಲಿಸುವ ಸುಮಾರು 200 ಮಿಲಿಸೆಕೆಂಡ್ ಮೊದಲು ಅವರಿಗೆ ಇಚ್ಛೆಯ ಅರಿವಾಗಿತ್ತು. ಆದರೆ ಮೆದುಳಿನ ವಿದ್ಯುತ್ ಚಟುವಟಿಕೆ ಸುಮಾರು 550 ಮಿಲಿಸೆಕೆಂಡ್ ಮೊದಲೇ ಶುರುವಾಗಿತ್ತು. ನಮಗಿಂತ ಮೊದಲು ಮೆದುಳೇ ನಿರ್ಧರಿಸುತ್ತದೆ ಎಂದು ಹಲವರು ಅರ್ಥೈಸಿದರು.

ಹಾಗೆಂದು ಸ್ವತಂತ್ರ ಇಚ್ಛೆಯೇ ಇಲ್ಲವೆಂದು ಲಿಬೆಟ್ ಒಪ್ಪಲಿಲ್ಲ. ಉಳಿದ ಅಲ್ಪ ಸಮಯದಲ್ಲಿ ‘ಬೇಡ’ ಎಂದು ತಡೆಯುವ ಶಕ್ತಿ ನಮಗಿದೆ ಎಂದರು. ಆ ಚಟುವಟಿಕೆ ನಿರ್ಧಾರವಾಗಿರದೆ ಮೆದುಳಿನಲ್ಲಿ ಸದಾ ಇರುವ ಏರಿಳಿತವಾಗಿರಬಹುದು ಎಂದು 2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ವಿವರಿಸಿದರು. ಅಷ್ಟಕ್ಕೂ ಕೈ ಅಲ್ಲಾಡಿಸುವುದೂ, ಸೈನ್ಸೋ ಕಾಮರ್ಸೋ ಎಂದು ಮನೆಯವರೊಂದಿಗೆ ವಾರಗಟ್ಟಲೆ ಚರ್ಚಿಸಿ ಆರಿಸುವುದೂ ಒಂದೇ ಅಲ್ಲ.

ಇನ್ನು ತಕ್ದೀರ್. ಖಲೀಫ ಉಮರ್(ರ) ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹರಡಿದ ಸುದ್ದಿ ಬಂತು. ಸಂಗಡಿಗರೊಂದಿಗೆ ಸಮಾಲೋಚಿಸಿ ಮರಳಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ಅಬೂ ಉಬೈದಾ(ರ) ಪ್ರಶ್ನಿಸಿದರು. ಹೋಗುತ್ತಿರುವುದೂ ಅಲ್ಲಾಹನ ವಿಧಿಯ ಕಡೆಗೇ ಎಂಬುದು ಉಮರ್(ರ) ಅವರ ಉತ್ತರದ ಸಾರ. ವಿಧಿಯ ಮೇಲಿನ ನಂಬಿಕೆ ಅವರ ಕೈಕಾಲು ಕಟ್ಟಿಹಾಕಲಿಲ್ಲ.

ಮೆದುಳಿಗೆ ಮಿತಿಗಳಿರುವುದು ಸುಳ್ಳಲ್ಲ. ಖಿನ್ನತೆಯಿಂದಲೋ ಕಲಿಕೆಯ ತೊಂದರೆಯಿಂದಲೋ ಬಳಲುವ ಸಹಪಾಠಿಗೆ ‘ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ’ ಎಂದು ಉಪದೇಶಿಸುವುದು ಅನ್ಯಾಯ. ಅವರಿಗೆ ಬೇಕಾದುದು ಚಿಕಿತ್ಸೆ, ಶಿಕ್ಷಕರ ನೆರವು, ನಮ್ಮ ಜೊತೆ. ಮೆದುಳಿನ ವಿಜ್ಞಾನವನ್ನು ಇನ್ನೊಬ್ಬರನ್ನು ಅರ್ಥ ಮಾಡಿಕೊಳ್ಳಲು ಬಳಸೋಣ. ನಮ್ಮ ಸೋಮಾರಿತನ ಮುಚ್ಚಿಕೊಳ್ಳಲು ಬೇಡ. ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಟ್ಟು ಮಲಗುವುದಂತೂ ನಮ್ಮ ಕೈಯಲ್ಲೇ ಇದೆ.