ಕಂಪನಿ ವಕೀಲರಿಗೂ ರಕ್ಷಣೆ ಬೇಕು

ಕಕ್ಷಿದಾರರ ವಿವರ ಕೇಳಿ ತನಿಖಾ ಸಂಸ್ಥೆಗಳು ವಕೀಲರಿಗೆ ಮನಬಂದಂತೆ ಸಮನ್ಸ್ ನೀಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 31ರಂದು ನೀಡಿದ ತೀರ್ಪು ಸ್ವಾಗತಾರ್ಹ. ವಕೀಲ-ಕಕ್ಷಿದಾರರ ಮಾತುಕತೆಯ ಗೋಪ್ಯತೆ ಕಾಯುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್‌ನ ವಿನಾಯಿತಿಯಡಿ ಸಮನ್ಸ್ ನೀಡುವುದಾದರೆ ಅದಕ್ಕೆ ಆಧಾರವಾದ ಸಂಗತಿಗಳನ್ನು ಸಮನ್ಸ್‌ನಲ್ಲೇ ನಮೂದಿಸಬೇಕು. ಎಸ್‌ಪಿ ದರ್ಜೆಗೆ ಕಡಿಮೆ ಇಲ್ಲದ ಮೇಲಧಿಕಾರಿಯ ಲಿಖಿತ ಒಪ್ಪಿಗೆಯೂ ಬೇಕು. ಇಬ್ಬರು ಹಿರಿಯ ವಕೀಲರಿಗೆ ಜಾರಿ ನಿರ್ದೇಶನಾಲಯ ಸಮನ್ಸ್ ನೀಡಿ, ವಿರೋಧ ಬಂದ ಮೇಲೆ ಹಿಂಪಡೆದದ್ದನ್ನು ನೆನೆದರೆ ಈ ಕಟ್ಟುಪಾಡು ಅಗತ್ಯವೇ ಆಗಿತ್ತು.

ಆದರೆ ಅದೇ ತೀರ್ಪು ಕಂಪನಿಗಳಲ್ಲಿ ಸಂಬಳಕ್ಕೆ ದುಡಿಯುವ ಕಾನೂನು ಸಲಹೆಗಾರರನ್ನು 132ನೇ ಸೆಕ್ಷನ್‌ನ ಹೊರಗಿಟ್ಟಿದೆ. ಅವರು ಕೋರ್ಟಿನಲ್ಲಿ ವಕೀಲಿಕೆ ಮಾಡುವವರಲ್ಲ ಎಂಬ ತರ್ಕ ಈಗಿನ ಕಾಯ್ದೆಯ ಅಕ್ಷರಕ್ಕೆ ಒಪ್ಪುತ್ತದೆ. ಪರಿಣಾಮ ಮಾತ್ರ ಚಿಂತೆಗೀಡುಮಾಡುವಂಥದ್ದು. ಒಪ್ಪಂದ, ತೆರಿಗೆ, ಕಾರ್ಮಿಕ ಕಾನೂನುಗಳಲ್ಲಿ ಕಂಪನಿ ಹಾದಿ ತಪ್ಪುತ್ತಿದ್ದರೆ ಮೊದಲು ಎಚ್ಚರಿಸಬೇಕಾದವರು ಇವರೇ. ಆ ಎಚ್ಚರಿಕೆಯ ಟಿಪ್ಪಣಿಯೇ ನಾಳೆ ಸಾಕ್ಷ್ಯವಾಗಬಹುದೆಂಬ ಭಯವಿದ್ದರೆ ಅದನ್ನು ಬರೆಯುವವರಾರು? ಕಾನೂನು ಸಲಹೆಗಾರರೊಂದಿಗಿನ ಗೋಪ್ಯ ಸಂವಹನಕ್ಕೆ ಸಂಬಂಧಿಸಿದ 134ನೇ ಸೆಕ್ಷನ್‌ನ ಸೀಮಿತ ರಕ್ಷಣೆ ಈ ಕೊರತೆಯನ್ನು ತುಂಬದು. ಅಪರಾಧಕ್ಕೆ ನೆರವಾಗುವ ಸಲಹೆಗೆ ಯಾವ ರಕ್ಷಣೆಯೂ ಇರಕೂಡದು, ನಿಜ. ಪ್ರಾಮಾಣಿಕ ಸಲಹೆಗೆ ಇರಲೇಬೇಕು. ಸಂಸತ್ತು ಸಾಕ್ಷ್ಯ ಅಧಿನಿಯಮಕ್ಕೆ ತಿದ್ದುಪಡಿ ತರಬೇಕು. ಅಲ್ಲಿಯವರೆಗೆ ಸೂಕ್ಷ್ಮ ವಿಷಯಗಳಲ್ಲಿ ಕಂಪನಿಗಳು ಹೊರಗಿನ ವೃತ್ತಿನಿರತ ವಕೀಲರಿಂದಲೇ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ.