ಅವರು ‘ಹಿಂದಿಯವರು’ ಅಲ್ಲ

ಬಂಗಾಳದಿಂದ ತೋಟದ ಕೆಲಸಕ್ಕೆ ಬಂದವರನ್ನು ‘ಹಿಂದಿಯವರು’ ಅನ್ನುವುದನ್ನು ಮೊದಲು ನಿಲ್ಲಿಸಿ. ಅವರ ಮನೆಮಾತು ಬಂಗಾಳಿ. ಪುತ್ತೂರು, ಸುಳ್ಯ, ಕಡಬದ ನಾವು ತುಳು, ಅರೆಭಾಷೆ, ಬ್ಯಾರಿ, ಮಲಯಾಳವನ್ನು ಮಾತಾಡುತ್ತಲೇ ಕಲಿತವರು. ಇನ್ನೊಂದಕ್ಕೆ ನಾಲಗೆ ಹೊರಳದೇ?

ಮಧ್ಯಾಹ್ನ ‘ಭಾತ್ ಖೆಯೆಛೆನ್?’ ಎಂದು ಕೇಳಿ. ನಮ್ಮ ‘ವಣಸ್ ಆಂಡಾ?’ ಅದೇ. ನೀರಿಗೆ ಒಬ್ಬರು ‘ಜೊಲ್’ ಅಂದರೆ ಇನ್ನೊಬ್ಬರು ‘ಪಾನಿ’ ಅಂದಾರು. ಪಾನಿ ಅಂದವರೆಲ್ಲ ಬಾಂಗ್ಲಾದೇಶಿಗಳಲ್ಲ. ಪಶ್ಚಿಮ ಬಂಗಾಳದ ಮುಸ್ಲಿಮರ ಮನೆಗಳಲ್ಲೂ ಅದೇ ಮಾತು. ನಮ್ಮ ತುಳುವೂ ಜಾತಿಗೊಂದು, ಊರಿಗೊಂದು ಬಗೆ ಅಲ್ಲವೇ?

ಅವರ ಪಾಟಿಶಾಪ್ಟಾ ಅಂದರೆ ಅಕ್ಕಿಹಿಟ್ಟಿನ ತೆಳು ದೋಸೆಯೊಳಗೆ ಕಾಯಿಬೆಲ್ಲ. ನಮ್ಮ ನೀರುದೋಸೆಗೆ ಅದು ನೆಂಟ.

ಅಡಿಕೆ ಮರದ ತುದಿಯಲ್ಲಿರುವವರಿಗೆ ಹುಷಾರು ಅನ್ನಲು ‘ಶಾಬ್ಧಾನ್’ ಸಾಕು. ಅಷ್ಟೂ ಕಲಿಯದೆ ಮದ್ದು ಬಿಡಲು ಮರ ಹತ್ತಿಸುವುದು ನ್ಯಾಯವಲ್ಲ.