ಮಧುಮೇಹ: ಒಂದು ದಿನದ ಶಿಲ್ಕು, ಮೂರು ತಿಂಗಳ ಲೆಕ್ಕ

ನಾನು ವೈದ್ಯನಲ್ಲ; ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕೊಂದರ ಅಧಿಕಾರಿ. ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಬರೆಯುವ ಅಧಿಕಾರ ಇವನಿಗೆ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ನಾಲ್ಕು ವರ್ಷಗಳಿಂದ ನಾನು ಮಧುಮೇಹಿ. ಅದಕ್ಕೂ ಮುಂಚೆ ಎಷ್ಟು ವರ್ಷಗಳಿಂದಲೋ ತಿಳಿಯದು. ಆ ತಿಳಿಯದ ವರ್ಷಗಳ ವಿಷಯವಾಗಿಯೇ ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ.

ಮಾರ್ಚ್ 31ರಂದು ಠೇವಣಿಯ ಅಂಕಿಯನ್ನು ಉಬ್ಬಿಸಿ ತೋರಿಸುವ ಹಳೆಯ ಚಾಳಿಯೊಂದು ಬ್ಯಾಂಕುಗಳ ವ್ಯವಹಾರ ಬಲ್ಲವರಿಗೆಲ್ಲ ಪರಿಚಿತ. ಏಪ್ರಿಲ್ ಮೊದಲ ವಾರದಲ್ಲಿ ಆ ಹಣವು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ವಾರ್ಷಿಕ ವೈದ್ಯಕೀಯ ತಪಾಸಣೆಯಲ್ಲಿ ನಾನು ಮಾಡುತ್ತಿದ್ದುದೂ ಇದನ್ನೇ. ನಾಲ್ಕು ದಿನ ಮುಂಚೆ ಸಿಹಿ ಬಿಟ್ಟು, ರಾತ್ರಿ ಅನ್ನಕ್ಕೆ ವಿದಾಯ ಹೇಳಿ, ಮುಂಜಾನೆ ಪರ್ವತಿ ಗುಡ್ಡವನ್ನು ಹತ್ತಿಳಿದು ಪರೀಕ್ಷೆಗೆ ಹೋಗುತ್ತಿದ್ದೆ. ಬರಿಹೊಟ್ಟೆಯ ಸಕ್ಕರೆ 118 ಎಂದು ಬರುತ್ತಿತ್ತು. 126ನ್ನು ಮುಟ್ಟಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಅಂದೇ ಸಂಜೆ ಜಿಲೇಬಿ! 100ನ್ನು ದಾಟಿದ ಅಂಕಿಯೇ ಎಚ್ಚರಿಕೆಯೆಂಬುದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನ ಗುಟ್ಟನ್ನು ಹೊರಗೆಳೆದುದು ಎಚ್‌ಬಿಎ1ಸಿ ಎಂಬ ಪರೀಕ್ಷೆ. ರಕ್ತದ ಕೆಂಪುಕಣವು ಸುಮಾರು 120 ದಿನ ಬದುಕುತ್ತದೆ. ಅಷ್ಟು ಕಾಲ ರಕ್ತದಲ್ಲಿರುವ ಸಕ್ಕರೆಯು ಅದರ ಹಿಮೋಗ್ಲೋಬಿನ್ನಿಗೆ ಅಂಟುತ್ತ ಹೋಗುತ್ತದೆ. ಎಷ್ಟು ಅಂಟಿದೆಯೆಂಬುದನ್ನು ಅಳೆದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ದೊರೆಯುತ್ತದೆ. ಬರಿಹೊಟ್ಟೆಯ ಪರೀಕ್ಷೆ ಒಂದು ದಿನದ ಶಿಲ್ಕಾದರೆ, ಇದು ತ್ರೈಮಾಸಿಕ ಸರಾಸರಿ. ನಾಲ್ಕು ದಿನದ ಉಪವಾಸ ಇದನ್ನು ಅಷ್ಟಾಗಿ ಕದಲಿಸದು. ಶೇಕಡಾ 5.7ರಿಂದ 6.4 ಅಂಚಿನ ಸ್ಥಿತಿ, 6.5 ಮತ್ತು ಮೇಲ್ಪಟ್ಟರೆ ಮಧುಮೇಹ. ನನ್ನದು 8.2 ಬಂದಿತು. ಕಣ್ಣಿನ ವೈದ್ಯರು ಪರೀಕ್ಷಿಸಿದಾಗ ಅಕ್ಷಿಪಟಲದಲ್ಲಿ ರಕ್ತದ ಸಣ್ಣ ಚುಕ್ಕೆಗಳು ಆಗಲೇ ಇದ್ದವು. ದೃಷ್ಟಿಯಲ್ಲಿ ಯಾವ ತೊಂದರೆಯೂ ನನಗೆ ಕಂಡಿರಲಿಲ್ಲ. ವರ್ಷಗಟ್ಟಲೆ ನಾನು ವಂಚಿಸಿದುದು ತಪಾಸಣೆಯ ವೈದ್ಯರನ್ನಲ್ಲವೆಂಬುದು ಆಗ ಅರ್ಥವಾಯಿತು.

ಈ ಪರೀಕ್ಷೆಯೂ ದೋಷರಹಿತವಲ್ಲ. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಿರುವವರಲ್ಲಿ ಅಂಕಿ ಸುಳ್ಳಾಗಿ ಏರಬಹುದು. ಆದುದರಿಂದ ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳು ಹಿಮೋಗ್ಲೋಬಿನ್ನನ್ನೂ ಜೊತೆಗೆ ನೋಡಿಸಿಕೊಳ್ಳುವುದು ಲೇಸು.

"ನಾನು ತೆಳ್ಳಗಿದ್ದೇನೆ, ನನಗೇಕೆ?" ಎನ್ನುವವರು ನಮ್ಮ ಪುಣೆಯ ಡಾ. ಯಾಜ್ಞಿಕ್ ಅವರ ಕೆಲಸವನ್ನು ತಿಳಿಯಬೇಕು. 2004ರಲ್ಲಿ ಅವರೂ ಲಂಡನ್ನಿನ ಡಾ. ಯುಡ್ಕಿನ್ನರೂ ತಮ್ಮ ದೇಹಗಳನ್ನೇ ಉದಾಹರಣೆಯಾಗಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಕೊಬ್ಬು ಯುಡ್ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2! ಭಾರತೀಯನ ಕೊಬ್ಬು ತಕ್ಕಡಿಗೆ ಕಾಣದೆ ಹೊಟ್ಟೆಯಲ್ಲಿ ಅವಿತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಗಿ, ದೇಶದ ಮಧುಮೇಹಿಗಳನ್ನು ಸುಮಾರು 10.1 ಕೋಟಿಯೆಂದೂ, ಅಂಚಿನಲ್ಲಿರುವವರನ್ನು 13.6 ಕೋಟಿಯೆಂದೂ ಅಂದಾಜು ಮಾಡಿತು. ಅಂಚಿನವರಿಗೆ ಆಶೆಯುಂಟು. 2006ರಲ್ಲಿ ಪ್ರಕಟವಾದ ಚೆನ್ನೈ ವೈದ್ಯರ ಪ್ರಯೋಗದಲ್ಲಿ ಆಹಾರ ಮತ್ತು ನಡಿಗೆಯ ಶಿಸ್ತೊಂದರಿಂದಲೇ ಮಧುಮೇಹಕ್ಕೆ ತಿರುಗುವ ಸಂಭವ ಶೇಕಡಾ 28.5ರಷ್ಟು ತಗ್ಗಿತು, ಮಾತ್ರೆಯ ಫಲವೂ ಹೆಚ್ಚುಕಡಿಮೆ ಅಷ್ಟೇ.

ಈಗ ನಮ್ಮ ಸಂಘಗಳ ವಿಚಾರ. ರಾಜ್ಯೋತ್ಸವದಂದು ಆರೋಗ್ಯ ಶಿಬಿರ ಏರ್ಪಡಿಸುತ್ತೇವೆ. ಬೆರಳಿಗೆ ಸೂಜಿ ಚುಚ್ಚಿ, ಯಂತ್ರದಲ್ಲಿ ಅಂಕಿ ನೋಡಿ, ಚೀಟಿ ಕೊಟ್ಟು, ಪಕ್ಕದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತೇವೆ. "ಒಂದಕ್ಕೇನಾಗುತ್ತದೆ, ಹಬ್ಬವಲ್ಲವೆ?" ಎಂಬ ಉಪಚಾರ ಬೇರೆ. ಬೇಡವೆಂದವನು ಸಂಕೋಚದಿಂದ ಕುಗ್ಗಬೇಕಾಗುತ್ತದೆ. ಚೀಟಿ ಪಡೆದವರು ಮುಂದೇನು ಮಾಡಿದರೆಂದು ಯಾವ ಕಾರ್ಯದರ್ಶಿಯೂ ವಿಚಾರಿಸಿದ್ದನ್ನು ನಾನರಿಯೆ. ಊಟವಾದವನೋ ಹಸಿದವನೋ ಎಂದು ಕೇಳದೆ ತೆಗೆದ ಅಂಕಿಯಿಂದ ಪ್ರಯೋಜನ ಅಲ್ಪ.

ಇದಕ್ಕಿಂತ ಅಗ್ಗದ, ಉತ್ತಮ ಉಪಾಯವಿದೆ. ಚೆನ್ನೈನ ಡಾ. ಮೋಹನ್ ಮತ್ತು ಸಂಗಡಿಗರು ರೂಪಿಸಿದ ಅಂಕಪಟ್ಟಿಯಲ್ಲಿ ನೋಡಬೇಕಾದುದು ನಾಲ್ಕೇ: ವಯಸ್ಸು, ಸೊಂಟದ ಸುತ್ತಳತೆ, ದೈಹಿಕ ಶ್ರಮ, ತಂದೆತಾಯಿಗಳಲ್ಲಿ ರೋಗವಿತ್ತೇ ಎಂಬುದು. ನೂರಕ್ಕೆ 60 ಅಥವಾ ಹೆಚ್ಚು ಬಂದವರನ್ನು ಮಾತ್ರ ಪ್ರಯೋಗಶಾಲೆಗೆ ಕಳಿಸಿದರಾಯಿತು. ಗಂಡಸರ ಸೊಂಟ 90, ಹೆಂಗಸರದು 80 ಸೆಂಟಿಮೀಟರ್ ಮುಟ್ಟಿದರೆ ಅಂಕ ಏರತೊಡಗುತ್ತದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು, ಉಳಿದ ಸಮಯ ಬಸ್ಸು ಲೋಕಲ್ಲುಗಳಲ್ಲಿ ಕಳೆಯುವ ನಮ್ಮಂಥವರಿಗೆ ಶ್ರಮದ ಪ್ರಶ್ನೆಯಲ್ಲೇ ಮೂವತ್ತು ಅಂಕ ಖಚಿತ.

ಇನ್ನೊಂದು ಭ್ರಮೆ ಇನ್ಸುಲಿನ್ನಿನದು. ಅದು ಕೊನೆಯ ಘಟ್ಟದ ಗುರುತೆಂದು ಹೆದರಿ ವರ್ಷಗಟ್ಟಲೆ ಮುಂದೂಡುವವರನ್ನು ಬಲ್ಲೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನಿಗೆ ಮೊದಲು ಕೊಟ್ಟಾಗಿನಿಂದ ಅದು ಉಳಿಸಿದ ಜೀವಗಳೆಷ್ಟು! ಈಗಿನ ಸೂಜಿ ಕೂದಲಿನಷ್ಟು ತೆಳು. ತೋಳಿಗೆ ಅಂಟಿಸಿಕೊಂಡರೆ ಎರಡು ವಾರ ಹಗಲಿರುಳು ಸಕ್ಕರೆ ತೋರಿಸುವ ಬಿಲ್ಲೆಯೂ ಬಂದಿದೆ. ಎಲ್ಲರ ಜೇಬಿಗೆ ಎಟುಕುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ರಾಗಿಮುದ್ದೆಯಿಂದ ರೋಗ ಗುಣವಾಗುವುದೆಂಬುದು ತವರಿನ ಅಭಿಮಾನವಷ್ಟೆ. ರಾಗಿಯಲ್ಲೂ ತೂಕದ ಮೂರನೆಯ ಎರಡು ಪಾಲು ಪಿಷ್ಟವೇ. ನಾನು ತಿನ್ನುತ್ತೇನೆ, ಒಂದೇ ಮುದ್ದೆ, ಸೊಪ್ಪಿನ ಸಾರು ಹೆಚ್ಚು.

ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗರ ಜನ್ಮದಿನ ನವೆಂಬರ್ 14, ವಿಶ್ವ ಮಧುಮೇಹ ದಿನ. ನಮ್ಮ ರಾಜ್ಯೋತ್ಸವದ ತಿಂಗಳೇ. ಮುಂದಿನ ಶಿಬಿರಕ್ಕೆ ಅಳತೆಪಟ್ಟಿಯನ್ನು ನಾನೇ ತರುತ್ತೇನೆ. ಹೆಸರು ಬರೆದುಕೊಳ್ಳುವ ಪುಸ್ತಕವನ್ನೂ. ಫೆಬ್ರವರಿಯಲ್ಲಿ ಪ್ರತಿಯೊಬ್ಬರಿಗೂ ದೂರವಾಣಿ ಮಾಡಿ ವಿಚಾರಿಸಲು ಜೊತೆಗೆ ಇಬ್ಬರು ಬೇಕು. ಆಸಕ್ತರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು.